ಭಾವನ ಊಟಕ್ಕೆ ಮೂರು ಗಂಟೆ

ನನ್ನ ಭಾವ ಊಟಕ್ಕೆ ಕೂತರೆ, ಹೊಸೂರು ರಸ್ತೆಯ ಟ್ರಾಫಿಕ್ಕೇ ಅವರಿಗಿಂತ ಮೊದಲು ಕದಲುತ್ತಿತ್ತು! ಉತ್ಪ್ರೇಕ್ಷೆ ಎನ್ನುತ್ತೀರಾ? ಸಿಂಗಸಂದ್ರದ ನಮ್ಮ ಹೋಟೆಲಿನ ಸಪ್ಲೈಯರ್‌ಗಳನ್ನು ಕೇಳಿ ನೋಡಿ. ಅಕ್ಕ ತೀರಿಕೊಂಡ ಮೇಲೆ ಭಾವನಿಗೆ ಮಧ್ಯಾಹ್ನದ ಊಟ ನಮ್ಮಲ್ಲೇ. ಮೂಲೆಯ ಟೇಬಲ್ಲಿನಲ್ಲಿ ಕೂತು, ಕಡಲೆಕಾಳಿನಷ್ಟು ತುತ್ತು ಮಾಡಿ, ಅದನ್ನೇ ದಿಟ್ಟಿಸಿ, ಬಾಯಿಗಿಟ್ಟು, ಮೇಲೆ ಅರ್ಧ ಲೋಟ ನೀರು!

“ಯಾಕೆ ಭಾವ, ಅನ್ನ ಬೆಂದಿಲ್ವಾ?”

“ಬೆಂದಿದೆ ಕಣೋ. ಪರಿಚಯ ಮಾಡ್ಕೊಳ್ತಿದೀನಿ.”

ಊಟದ ಹೊತ್ತಿನಲ್ಲಿ ಸೀಟು ಹಿಡಿಯುವ ನಮ್ಮವರ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರು ಮಜ್ಜಿಗೆ ಅನ್ನಕ್ಕೆ ಬಂದಿದ್ದಾರೋ ಅವರ ಕುರ್ಚಿಯ ಹಿಂದೆ ಹೋಗಿ ನಿಲ್ಲುವುದು. ಒಮ್ಮೆ ಕೊರಳಲ್ಲಿ ಕಂಪನಿ ಟ್ಯಾಗು ತೂಗುಹಾಕಿಕೊಂಡವನೊಬ್ಬ, ಗೊತ್ತಿಲ್ಲದೆ ಭಾವನ ಹಿಂದೆ ನಿಂತ. ಕೊನೆಗೆ, “ಅಂಕಲ್, ನಂಗೆ ಮೀಟಿಂಗ್ ಇದೆ” ಎಂದ.

“ಮುಗಿಸ್ಕೊಂಡು ಬಾಪ್ಪಾ. ನಾನಿಲ್ಲೇ ಇರ್ತೀನಿ, ಸೀಟು ಎಲ್ಲೂ ಹೋಗಲ್ಲ.”

ಎಲೆಕ್ಟ್ರಾನಿಕ್ ಸಿಟಿಯವರು ಮೊದಲೇ ಟೇಬಲ್ ಕಾದಿರಿಸಲು ಶುರು ಮಾಡಿದ ಮೇಲೆ ಗಲ್ಲಾದ ಮೇಲೆ ಕಂಪ್ಯೂಟರ್ ಬಂತು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನಾನು ಒಂದೇ ಬೆರಳಿನಲ್ಲಿ ತುಂಬಿದೆ: ಊಟ ಹನ್ನೆರಡರಿಂದ ಮೂರೂವರೆ. ಒಂದು ಸಲ ಕೂತವರು ಎಷ್ಟು ಹೊತ್ತಿಗೆ ಏಳುತ್ತಾರೆಂದೂ ಅದಕ್ಕೆ ಹೇಳಬೇಕಂತೆ. ನಲವತ್ತು ನಿಮಿಷ ಎಂದೆ. ಅದು ಮೀರಿದರೆ ಪರದೆಯ ಮೇಲೆ ಆ ಟೇಬಲ್ಲು ಕೆಂಪಗಾಗುತ್ತಿತ್ತು. ಭಾವನದು ದಿನವೂ ಕೆಂಪು!

ಒಂದು ಭಾನುವಾರ ಫೋನ್ ಮಾಡಿದವರಿಗೆಲ್ಲ ಜಾಗವಿಲ್ಲ ಎಂದಿತು ಕಂಪ್ಯೂಟರು. ತಲೆಯೆತ್ತಿ ನೋಡಿದರೆ ಅರ್ಧ ಹೋಟೆಲು ಖಾಲಿ! ಕಂಪ್ಯೂಟರಿನವನಿಗೆ ಫೋನ್ ಮಾಡಿದೆ.

“ಸಾರ್, ಒಂದು ಊಟಕ್ಕೆ ಮೂರು ಗಂಟೆ ಅಂತ ಹಾಕಿದೀರಲ್ಲ! ಹನ್ನೆರಡೂವರೆ ಮೇಲೆ ಅದು ಯಾರಿಗೂ ಟೇಬಲ್ ಕೊಡಲ್ಲ. ಮದ್ವೆ ಮನೆನಾ?”

ಮೂಲೆಯಿಂದ ಭಾವ ಶಾಂತವಾಗಿ ಹೇಳಿದರು: “ನೀನು ಅಡುಗೆಮನೆಗೆ ಹೋಗಿದ್ದಾಗ ನಾನೇ ಹಾಕ್ದೆ. ನೀನು ಕೊಟ್ಟಿದ್ದು ತುಂಬಾ ಕಡಿಮೆ ಆಯ್ತು ಕಣೋ. ನಿಧಾನಕ್ಕೆ ತಿನ್ನೋರೂ ಇರ್ತಾರೆ.”

ನಾನು ಎದ್ದು ಹೋಗಿ ಅವರ ಕುರ್ಚಿಯ ಹಿಂದೆ ನಿಂತೆ. ಎಲ್ಲರಿಗೂ ಕೇಳುವಂತೆ, “ಟೈಮ್ ಆಯ್ತು, ಎದ್ದೇಳಿ ಭಾವ” ಎಂದೆ.

ಸಪ್ಲೈಯರ್‌ಗಳು ನಕ್ಕರು. ನಾನೂ ನಕ್ಕೆ. ಭಾವ ಅರ್ಧ ಊಟದ ಎಲೆಯನ್ನು ಮಡಿಚಿ ಎದ್ದರು.

ಮಾರನೆಯ ದಿನ, “ಬಿಸಿಲು ಕಣೋ, ಮನೆಗೇ ಕಳಿಸ್ಬಿಡು” ಎಂದರು. ದಿನವೂ ಕ್ಯಾರಿಯರ್ ಕಳಿಸತೊಡಗಿದೆ. ಟೇಬಲ್ಲು ಬಿಡುವಾಯಿತೆಂದು ಒಳಗೊಳಗೇ ಖುಷಿ! ಕ್ಯಾರಿಯರ್ ಮುಕ್ಕಾಲು ತುಂಬಿಕೊಂಡೇ ವಾಪಸು ಬರುತ್ತಿತ್ತು. “ಇನ್ನೂ ಪರಿಚಯ ಮುಗಿದಿಲ್ಲ” ಎಂದು ಅದಕ್ಕೂ ತಮಾಷೆ ಮಾಡಿದೆ.

ಸೊರಗಿಹೋದ ಭಾವನನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಹೇಳಿದರು, ಅನ್ನನಾಳದಲ್ಲಿ ಗಡ್ಡೆ, ದಾರಿಯೇ ಕಿರಿದಾಗಿದೆ ಎಂದು. ತುತ್ತು ಸಿಕ್ಕಿಕೊಳ್ಳುತ್ತಿತ್ತಂತೆ. ನೀರು ಕುಡಿದರೆ ಇಳಿಯುತ್ತಿತ್ತಂತೆ.

“ಯಾಕೆ ಹೇಳ್ಲಿಲ್ಲ ಭಾವ?”

“ಹೇಳಿದ್ರೆ ಗಂಜಿ ಕೊಡ್ತಿದ್ದೆ. ನಿನ್ನ ಹೋಟ್ಲು ಸಾರು ತಪ್ಪೋಗ್ತಿತ್ತಲ್ಲೋ!”

ಕೊನೆಗೆ ಗಂಜಿಯೇ ಆಯಿತು. ಚಮಚದಲ್ಲಿ ನಾನೇ ಕುಡಿಸುತ್ತಿದ್ದೆ. ಒಂದು ದಿನ ಕ್ಷೀಣ ದನಿಯಲ್ಲಿ ಕೇಳಿದರು: “ಎಷ್ಟು ನಿಮಿಷ ಕೊಟ್ಟಿದೀಯೋ ನಂಗೆ?”

“ನೀವು ಮುಗಿಸೋವರ್ಗೂ ಭಾವ.”

ನಕ್ಕರು. ಎರಡನೆಯ ಚಮಚ ಇಳಿಯಲಿಲ್ಲ.

ಆ ಮೂಲೆ ಟೇಬಲ್ಲನ್ನು ಕಂಪ್ಯೂಟರಿನಿಂದ ತೆಗೆಸಿಬಿಟ್ಟಿದ್ದೇನೆ. ಅದನ್ನು ಯಾರೂ ಕಾದಿರಿಸುವಂತಿಲ್ಲ. ಮಧ್ಯಾಹ್ನ ಅಲ್ಲಿ ನಾನು ಕೂರುತ್ತೇನೆ. ಸಣ್ಣ ತುತ್ತು ಮಾಡುತ್ತೇನೆ, ನೀರು ಕುಡಿಯುತ್ತೇನೆ. ಬೆನ್ನ ಹಿಂದೆ ಯಾರೂ ನಿಂತಿರುವುದಿಲ್ಲ. ಆದರೂ ನನ್ನ ಊಟ ಬೇಗ ಮುಗಿದುಬಿಡುತ್ತದೆ.