ಅಮ್ಮನ ಅಳತೆಯಲ್ಲಿ ಮಗಳಿಗೆ ಹೊಲಿದ ಭವಿಷ್ಯ

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ವಿರಾಜಮಾನರಾಗಿ, ಯಾವ ಮಗು ಮುಂದೆ ಏನು ಓದಬೇಕೆಂದು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುವ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಪರದೆಗೆ ಧೂಳು ತಾಗದಿರಲಿ, ತಮಗೆಂದೂ ಕರೆಂಟು ಕೈಕೊಡದಿರಲಿ ಎಂದು ಹಾರೈಸುತ್ತಾ, ಎದುರುಗಡೆಯ ಹೊಲಿಗೆ ಅಂಗಡಿಯವಳಾದ ನಾನು ಈ ಪತ್ರವನ್ನು ನಾಲ್ಕು ಜನ ಓದಲೆಂದೇ ತಮ್ಮ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಹತ್ತನೇ ತರಗತಿ ಮುಗಿಸಿದ ನನ್ನ ಮಗಳು ಮೊನ್ನೆ ತಮ್ಮ ಮುಂದೆ ಕೂತಾಗ, ಅಮ್ಮನ ಕೆಲಸವೇನು, ಮನೆಯಲ್ಲಿ ಯಾವ ಯಂತ್ರವಿದೆ ಎಂದಷ್ಟೇ ವಿಚಾರಿಸಿ, ವಿಜ್ಞಾನದಲ್ಲಿ ಅವಳೇ ತರಗತಿಗೆ ಮೊದಲು ಎಂಬ ಕ್ಷುಲ್ಲಕ ಸಂಗತಿಯ ಗೋಜಿಗೆ ಹೋಗದೆ, ಹೊಲಿಗೆ ತರಬೇತಿಯೇ ಸೂಕ್ತವೆಂದು ತಾವು ಅಪ್ಪಣೆ ಕೊಡಿಸಿದಿರಿ. ಎಂಥ ಚುರುಕು ಬುದ್ಧಿ! ಗುಂಡಿ ಹಚ್ಚು ಎಂದರೆ ಅಂಗಿಯ ಎದೆಯನ್ನೂ ಬೆನ್ನನ್ನೂ ಸೇರಿಸಿ ಹೊಲಿಯುವ ಮಹಾತಾಯಿ ಅವಳು. ಅದೇ ದಿನ ತಾವು ಡಾಕ್ಟರಾಗಲೆಂದು ಹರಸಿದ ಡಾಕ್ಟರ ಮಗನೋ, ಪ್ಯಾಂಟಿನ ಅಳತೆ ಕೊಡುವಾಗ ಗುಂಡುಸೂಜಿ ಚುಚ್ಚಿ ಒಂದು ಹನಿ ರಕ್ತ ಕಂಡು ನನ್ನ ಅಂಗಡಿಯಲ್ಲೇ ಮೂರ್ಛೆ ಹೋದವನು.

‘ಯಂತ್ರಾನೇ ಹೇಳಿದ್ಮೇಲೆ ನಾನೇನಮ್ಮಾ ಮಾಡ್ಲಿ?’ ಎಂದು ಹೆಡ್ ಮೇಡಂ ಕೈಚೆಲ್ಲಿದ್ದಾರೆ. ಮಗಳು ಮಾತ್ರ, ‘ಅಮ್ಮಾ, ಅದು ನನ್ನನ್ನ ನೋಡ್ಲೇ ಇಲ್ಲ, ನಿನ್ನನ್ನೇ ನೋಡ್ತು’ ಎಂದಳು. ಆ ಮಾತು ಕೇಳಿಯೇ ಈ ಪತ್ರ ಬರೆಯಲು ಕೂತೆ.

ಸ್ವಾಮೀ, ಬೆಳೆಯುವ ಮಕ್ಕಳ ಸಮವಸ್ತ್ರ ಹೊಲಿಯುವಾಗ ನಾವು ಅಂಚಿನ ಮಡಿಕೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ; ಮಗು ಉದ್ದವಾದಂತೆ ಬಿಚ್ಚಿ ಇಳಿಸುತ್ತೇವೆ. ಅಮ್ಮನ ಅಳತೆಗೆ ಮಗಳ ಲಂಗ ಹೊಲಿದು, ಮಡಿಕೆಯನ್ನೂ ಕತ್ತರಿಸಿಹಾಕಿದರೆ ಗಿರಾಕಿಗಳು ಅದನ್ನು ನನ್ನ ಮುಖಕ್ಕೇ ಎಸೆದು ಹೋಗುತ್ತಾರೆ. ತಮಗಾದರೋ ಚಪ್ಪಾಳೆ ತಟ್ಟುತ್ತಾರೆ.

ಆದ್ದರಿಂದ ತಾವು ದಯಮಾಡಿ ಮೇಜಿನಿಂದಿಳಿದು, ಎಡಬಲ ನೋಡಿಕೊಂಡು ರಸ್ತೆ ದಾಟಿ, ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಆಸೀನರಾಗಿ, ನನ್ನ ಮಗಳು ಬಿಚ್ಚಿ ಹರಡಿ ಮತ್ತೆ ಹಾಡಿಸಿದ ಹಳೆಯ ರೇಡಿಯೋ ಕೇಳಿ ಹೋಗಬೇಕಾಗಿ ವಿನಂತಿ. ತಮಗೆ ಕಾಲಿಲ್ಲದಿದ್ದರೆ ಬೇಸರವಿಲ್ಲ, ನಮಗಿದೆ. ಸೋಮವಾರ ಕಾಲೇಜಿನಲ್ಲಿ ಅವಳು ನಿಲ್ಲುವುದು ವಿಜ್ಞಾನದ ಸಾಲಿನಲ್ಲೇ, ಜೊತೆಗೆ ನಾನೂ ಇರುತ್ತೇನೆ.

ತಮ್ಮ ವಿಶ್ವಾಸಿ,
ಎದುರಂಗಡಿಯ ಹೊಲಿಗೆಯವಳು

ಮರೆತ ಮಾತು: ಹೆಡ್ ಮೇಡಂ ಹೇಳಿದಂತೆ ತಮಗೊಂದು ಧೂಳಿನ ಹೊದಿಕೆ ಹೊಲಿದಿಟ್ಟಿದ್ದೇನೆ. ಅಳತೆ ಸರಿಯಾಗಿದೆ. ಮಡಿಕೆಯೊಳಗೆ ಮಾತ್ರ ಬಟ್ಟೆ ಬಿಟ್ಟಿಲ್ಲ. ತಾವು ಬೆಳೆಯುವ ಲಕ್ಷಣ ನನಗೆ ಕಾಣಲಿಲ್ಲ.