ದಡಿಯಲ್ಲಿ ಕುಳಿತ ಕತ್ತಲರಾಯ

ಮನುಷ್ಯನ ಚಟಗಳಲ್ಲಿ ಕೆಲವಕ್ಕೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಎಲೆಯಡಿಕೆ ಹಾಕುವವನಿಗೆ ಹೋದಲ್ಲೆಲ್ಲ ಜೊತೆ ಸಿಗುತ್ತದೆ. ಇಸ್ಪೀಟಾಡುವವನಿಗೆ ಕಡಿಮೆಯೆಂದರೂ ಮೂವರು ಗೆಳೆಯರಿರುತ್ತಾರೆ. ನಶ್ಯ ಏರಿಸುವವರನ್ನು ಹಿರಿಯರು ಎಂದು ಜನ ಬಿಟ್ಟುಬಿಡುತ್ತಾರೆ. ಆದರೆ ನಲವತ್ತು ದಾಟಿದ, ಮೀಸೆಯಲ್ಲಿ ಅಲ್ಲಲ್ಲಿ ಬಿಳಿ ಇಣುಕುತ್ತಿರುವ ಗೃಹಸ್ಥನೊಬ್ಬ ಕಾಮಿಕ್ಸ್ ಓದುತ್ತಾನೆ ಅಂದರೆ ಎದುರಿಗಿದ್ದವರು ಮೊದಲು ನಗುತ್ತಾರೆ, ಆಮೇಲೆ ಅವನ ಹೆಂಡತಿಯ ಕಡೆ ಕನಿಕರದಿಂದ ನೋಡುತ್ತಾರೆ. ನಾನು ಅಂಥ ಗೃಹಸ್ಥ. ಇದನ್ನು ಈಗ ಯಾವ ನಾಚಿಕೆಯೂ ಇಲ್ಲದೆ ಹೇಳಬಲ್ಲೆ, ಏಕೆಂದರೆ ಮುಚ್ಚಿಡುವ ಅವಕಾಶವನ್ನು ನನ್ನ ಕೈಯಾರೆ ನಾನೇ ಕಳೆದುಕೊಂಡಿದ್ದೇನೆ.

ಬನಹಟ್ಟಿಯಲ್ಲಿ ನನ್ನನ್ನು ಎಲ್ಲರೂ ಮಾಸ್ತರ ಎನ್ನುತ್ತಾರೆ. ಶಾಲೆಗೂ ನನಗೂ ಸಂಬಂಧವಿಲ್ಲ; ನಾನು ಸೀರೆಯ ನಕ್ಷೆ ಬರೆಯುವವನು. ದಡಿಯಲ್ಲಿ, ಅಂದರೆ ಸೀರೆಯ ಅಂಚಿನಲ್ಲಿ, ಬರುವ ಮಾವಿನಕಾಯಿ, ಆನೆ, ನವಿಲು ಎಲ್ಲ ಮೊದಲು ನನ್ನ ಹಾಳೆಯ ಮೇಲೆ ಹುಟ್ಟುತ್ತವೆ. ಗ್ರಾಫ್ ಹಾಳೆಯ ಸಣ್ಣ ಸಣ್ಣ ಮನೆಗಳನ್ನು ಕುಂಚ ಹಿಡಿದು ಕೆಂಪು ಬಣ್ಣದಿಂದ ತುಂಬುತ್ತಾ ಹೋಗಬೇಕು. ಆಮೇಲೆ ಇನ್ನೊಬ್ಬರು ಆ ಕೆಂಪು ಮನೆಗಳನ್ನು ಎಣಿಸಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಆ ರಟ್ಟಿನ ಮಾಲೆ ಮಗ್ಗದ ನೆತ್ತಿಗೇರುತ್ತದೆ. ತೂತು ಹೇಗಿದೆಯೋ ಹಾಗೆ ಮಗ್ಗ ನೇಯುತ್ತದೆ. ಮಗ್ಗಕ್ಕೆ ಸ್ವಂತ ಬುದ್ಧಿಯಿಲ್ಲ, ಎಣಿಸುವವರಿಗೆ ಚಿತ್ರ ಬೇಕಾಗಿಲ್ಲ, ಬರೆಯುವ ನನಗೆ ಹಾಳೆಗೆ ಮೂಗು ಹಚ್ಚಿ ಕೂತಿರುವುದರಿಂದ ಮನೆಗಳ ಹೊರತು ಬೇರೇನೂ ಕಾಣುವುದಿಲ್ಲ. ಹೀಗೆ ಮೂವರೂ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸವನ್ನು ಊರ ಹೆಂಗಸರು ಕಣ್ಣು ತೆರೆದು ನೋಡಿ ಆರಿಸುತ್ತಾರೆ.

ನಮ್ಮೂರಿನಲ್ಲಿ ಕಾಮಿಕ್ಸ್ ಓದುವವರು ನಾನೊಬ್ಬನೇ ಅಲ್ಲ. ಪಾವರ್‌ಲೂಮಿನ ಊರಲ್ಲಿ ಕರೆಂಟು ಇರುವ ತನಕ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಓಣಿ ಓಣಿಗೆ ಖಟಕ್ ಖಟಕ್. ಕರೆಂಟು ಹೋದ ಕ್ಷಣ ಊರಿಗೆ ಊರೇ ಗಪ್ಪಾಗಿ, ಎಲ್ಲರಿಗೂ ಒಮ್ಮೆಲೇ ಕಿವಿ ಬಂದಂತಾಗುತ್ತದೆ. ನೇಕಾರರು ಮೈಮೇಲಿನ ಹತ್ತಿಯ ಧೂಳು ಕೊಡವಿಕೊಂಡು ಚಹಾದ ಅಂಗಡಿಗೆ ಬರುತ್ತಾರೆ. ಕೆಲವರ ಅಂಗಿಯೊಳಗಿಂದ ಸುರುಳಿ ಸುತ್ತಿದ ಕಾಮಿಕ್ಸ್ ಹೊರಬರುತ್ತದೆ. ಅರ್ಧ ತಾಸು ಓದು, ಅರ್ಧ ತಾಸು ಜಗಳ. ಕರೆಂಟು ಬಂತೋ, ಆಡುತ್ತಿದ್ದ ಮಾತನ್ನು ನಡುವೆಯೇ ಬಿಟ್ಟು ಎದ್ದು ಓಡುತ್ತಾರೆ. ಆ ಮಾತಿನ ಉಳಿದ ಅರ್ಧ ಮರುದಿನದ ಕರೆಂಟು ಹೋದ ಮೇಲೆ.

ಇವರಿಗೆಲ್ಲ ಪುಸ್ತಕ ಒದಗಿಸುವವನು ನನ್ನ ಬಾಲ್ಯದ ಗೆಳೆಯ ಬಸಲಿಂಗ. ಜಮಖಂಡಿ ಬಸ್ಸಿನ ಕಂಡಕ್ಟರ್. ಜಮಖಂಡಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೊಸ ಸಂಚಿಕೆ ಬಂದ ದಿನವೇ ಅದು ಅವನ ಟಿಕೆಟ್ ಚೀಲ ಸೇರಿ ಬನಹಟ್ಟಿಗೆ ಬರುತ್ತಿತ್ತು. ನಾವಿಬ್ಬರೂ ಚಡ್ಡಿ ಹಾಕುವ ವಯಸ್ಸಿನಿಂದ ಧೀರ ಸೋಮರಾಜ ಎಂಬ ಕಾಮಿಕ್ಸ್ ನಾಯಕನ ಭಕ್ತರು. ಸೋಮರಾಜನೆಂದರೆ ಹೇಗಿದ್ದ. ಮೊದಲ ಪುಟದಲ್ಲಿ ಕಳ್ಳರು ಬರುತ್ತಿದ್ದರು, ಕೊನೆಯ ಪುಟದಲ್ಲಿ ಕಟ್ಟಿಹಾಕಿಸಿಕೊಳ್ಳುತ್ತಿದ್ದರು. ಕೆಸರಿನಲ್ಲಿ ಬಡಿದಾಡಿದರೂ ಅವನ ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ. ಚಿತ್ರಗಳೆಲ್ಲ ನೆಟ್ಟಗೆ ಚೌಕದೊಳಗೆ, ನನ್ನ ಗ್ರಾಫ್ ಹಾಳೆಯಷ್ಟು ಶಿಸ್ತು. ಓದಿ ಮುಚ್ಚಿದರೆ ಹೊಟ್ಟೆ ತುಂಬಿದ ಸಮಾಧಾನ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹೊಸ ತರಹದ ಮಾಲಿಕೆ ಶುರುವಾಯಿತು. ಅದರ ನಾಯಕ ಕತ್ತಲರಾಯ. ಮುಖಕ್ಕೆ ಗೂಬೆಯ ಮುಖವಾಡ, ಬೆನ್ನಿಗೆ ರೆಕ್ಕೆಯಂಥ ಕರಿ ನಿಲುವಂಗಿ. ಗೂಬೆ ಮನೆಯ ಮೇಲೆ ಕೂತರೆ ಶಾಂತಿ ಮಾಡಿಸುವ ಜನ ನಾವು; ನಮಗೆ ಗೂಬೆಯೇ ನಾಯಕ. ಚಿತ್ರಗಳು ಅಡ್ಡಾದಿಡ್ಡಿ. ಪುಟಕ್ಕೆ ಪುಟವೇ ಕಪ್ಪು ಮಸಿ, ಓದಿದ ಮೇಲೆ ಕೈ ತೊಳೆಯಬೇಕು. ಕತ್ತಲರಾಯ ಹೊಡೆಯುವುದಕ್ಕಿಂತ ಯೋಚಿಸುವುದೇ ಹೆಚ್ಚು. ಒಂದು ಸಂಚಿಕೆಯಲ್ಲಿ ಮನೆಗೆ ಹೋಗಿ ತಾಯಿಯ ಎದುರು ಎರಡು ಪುಟ ಸುಮ್ಮನೆ ಕೂತಿದ್ದ. ಕಳ್ಳನಿಗೂ ಒಂದು ಬಾಲ್ಯ, ಅವನಿಗೂ ಕಣ್ಣೀರು. ಇಷ್ಟೆಲ್ಲ ಆದ ಮೇಲೆ ಕಥೆಯಾದರೂ ಮುಗಿಯಿತೇ ಅಂದರೆ ಕೊನೆಯಲ್ಲಿ ‘ಮುಂದುವರಿಯುವುದು’.

ಬಸಲಿಂಗ ಮೊದಲ ಸಂಚಿಕೆಗೇ ಮತಾಂತರಗೊಂಡ. ಚಹಾದ ಅಂಗಡಿಯಲ್ಲಿ ನನಗೂ ಅವನಿಗೂ ಹತ್ತಿಕೊಂಡಿತು.

“ಲೇ ಮಾಸ್ತರ, ನಿನ್ನ ಸೋಮರಾಜ ಇಷ್ಟ ವರ್ಷದಾಗ ಒಮ್ಮಿನೂ ಸೋತಿಲ್ಲ, ಒಮ್ಮಿನೂ ಸೀನಿಲ್ಲ. ಅಂವ ಮನಶ್ಯಾನೋ ಕ್ಯಾಲೆಂಡರ್ ಫೋಟೋನೋ” ಎಂದ ಬಸಲಿಂಗ.

“ಸೋಲೂದು ನೋಡಾಕ ರೊಕ್ಕಾ ಕೊಟ್ಟ ಪುಸ್ತಕಾ ಯಾಕ ತರಬೇಕಲೇ. ಅದು ಮನ್ಯಾಗ ಪುಕ್ಕಟ ನೋಡಾಕ ಸಿಗತೈತಿ” ಎಂದೆ ನಾನು.

ಬೆಂಚಿನ ಮೇಲಿದ್ದವರು ನಕ್ಕರು. ನಗು ಬಿದ್ದರೆ ನನಗೆ ನಾಲಿಗೆಯ ಮೇಲೆ ಹತೋಟಿ ಇರುವುದಿಲ್ಲ. ಅದೇ ಹುರುಪಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ: “ಕೇಳ್ರಿ ಎಲ್ಲಾರೂ. ಆ ಗೂಗಿ ಪುಸ್ತಕ ನಾ ಇನ್ನೊಮ್ಮಿ ಓದಿದ್ರ ನಕ್ಷಿ ಬರಿಯೂದು ಬಿಡತೀನಿ.” ಆ ಮಾತಿಗೆ ಸರಿಯಾಗಿ ಕರೆಂಟು ಬಂತು. ಎಲ್ಲರೂ ಮಗ್ಗಕ್ಕೆ ಓಡಿದರು. ಶಪಥವನ್ನು ಸ್ವಲ್ಪ ತಿದ್ದಿ ಸಣ್ಣದು ಮಾಡಿಕೊಳ್ಳೋಣವೆಂದರೆ ಕೇಳಲು ಯಾರೂ ಉಳಿದಿರಲಿಲ್ಲ.

ಮುಂದೆ ಏನಾಯಿತೆಂದು ನೀವು ಊಹಿಸಿರಬಹುದು. ಶಪಥಕ್ಕೆ ಮೊದಲು ನಾನು ಓದಿದ್ದ ಸಂಚಿಕೆಯ ಕೊನೆಯಲ್ಲಿ ಕತ್ತಲರಾಯ ಬಾವಿಯೊಳಗೆ ನೇತಾಡುತ್ತಿದ್ದ, ಹಗ್ಗ ಸವೆಯುತ್ತಿತ್ತು. ಅವನು ಬದುಕಿದರೆ ನನಗೇನು, ಸತ್ತರೆ ನನಗೇನು. ಆದರೂ ಒಂದು ತಿಂಗಳು ಊಟ ರುಚಿಸಲಿಲ್ಲ. ಗ್ರಾಫ್ ಹಾಳೆ ತರುವ ನೆಪದಲ್ಲಿ ಜಮಖಂಡಿಗೆ ಹೋದೆ. ಬಸಲಿಂಗನ ಬಸ್ಸು ಬಿಟ್ಟು ಹಿಂದಿನದನ್ನು ಹತ್ತಿದೆ. ಅಂಗಡಿಯವನಿಗೆ ಹೆಸರು ಹೇಳಲಾಗದೆ ಬೆರಳು ಮಾಡಿ ತೋರಿಸಿದೆ. ಹೀಗೆ ತಿಂಗಳು ತಿಂಗಳಿಗೂ ಒಂದೊಂದು ತಂದು, ಓದಿ, ಹಳೆಯ ನಕ್ಷೆಗಳ ಸುರುಳಿಯೊಳಗೆ ತುರುಕಿ ಅಟ್ಟಕ್ಕೆ ಏರಿಸಿದೆ. ಚಹಾದ ಅಂಗಡಿಯಲ್ಲಿ ಮಾತ್ರ ಹೊಸ ಮಾಲಿಕೆಗಳನ್ನು ಮೊದಲಿಗಿಂತ ಜೋರಾಗಿ ಬೈಯುತ್ತಿದ್ದೆ. ಎಲ್ಲ ಸಂಚಿಕೆ ಓದಿ ಬೈಯುವವನ ಬೈಗುಳಕ್ಕೆ ಎಷ್ಟು ತೂಕ ಇರುತ್ತದೆ ಎಂದು ಆಗ ಗೊತ್ತಾಯಿತು.

ಆ ಹೊತ್ತಿಗೆ ಗುರಪ್ಪ ಸಾವಕಾರರು ಲಗ್ನದ ಹಂಗಾಮಿಗೆಂದು ನವಿಲಿನ ದಡಿ ಕೇಳಿದರು. ಎದುರುಬದುರಾದ ನವಿಲುಗಳ ಸಾಲು. ನನ್ನ ಅನ್ನ ನಡೆಯುವುದೇ ಸಾವಕಾರರ ಮಗ್ಗಗಳ ಮೇಲೆ. ಅವರು ಒಂದು ನಕ್ಷೆ ಒಲ್ಲೆ ಎಂದರೆ ಪಕ್ಕದ ರಬಕವಿಯವರೂ ನನ್ನನ್ನು ಕರೆಯುವುದಿಲ್ಲ. ಶ್ರದ್ಧೆಯಿಂದ ಕೂತು ಬರೆದೆ. ತಲೆಯಲ್ಲಿ ಮಾತ್ರ ಆ ತಿಂಗಳ ಕೊನೆಯ ಪುಟ ಕೂತಿತ್ತು: ಕತ್ತಲರಾಯ ನೀರಿನ ಟಾಕಿಯ ಮೇಲೆ ನಿಲುವಂಗಿ ಹರಡಿ ನಿಂತಿದ್ದಾನೆ, ಕೆಳಗೆ ಪೊಲೀಸರು, ಹಾರುತ್ತಾನೋ ಇಲ್ಲವೋ. ನವಿಲಿನ ಗರಿಯ ಮನೆಗಳನ್ನು ತುಂಬುತ್ತ ತುಂಬುತ್ತ ನಾನು ಹಾರಬೇಡವೋ ಮಾರಾಯ ಎನ್ನುತ್ತಿದ್ದೆ. ಮೂಗಿನಡಿ ಕೆಂಪು ಮನೆಗಳು ಮಾತ್ರ ಕಾಣುತ್ತಿದ್ದವು.

ರಟ್ಟು ತೂತಾಯಿತು, ಮಗ್ಗ ಏರಿತು, ಮೊದಲ ಸೀರೆ ಇಳಿಯಿತು. ಸಾವಕಾರರಿಂದ ಕರೆ ಬಂತು. ಗಾದಿಯ ಮೇಲೆ ಸೀರೆ ಹರಡಿತ್ತು. ದೂರದಿಂದ ನೋಡಿದವನೇ ಬಾಗಿಲಲ್ಲೇ ನಿಂತೆ. ದಡಿಯ ಉದ್ದಕ್ಕೂ ಗರಿ ಹೋಗಿ ನಿಲುವಂಗಿಯಾಗಿತ್ತು, ಜುಟ್ಟು ಎರಡಾಗಿ ಕಿವಿಯಾಗಿತ್ತು, ದುಂಡನೆಯ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಒಂದಲ್ಲ, ಎರಡಲ್ಲ, ಸೆರಗಿನ ತನಕ ಸಾಲಾಗಿ ಕತ್ತಲರಾಯ.

“ಮಾಸ್ತರ, ಏನ ಹಕ್ಕಿರೀ ಇದು” ಎಂದು ಕೇಳಿದರು ಸಾವಕಾರರು.

ಮದುಮಗಳ ಸೀರೆಗೆ ಗೂಬೆಯ ದಡಿ ಎಂದು ನನ್ನ ಬಾಯಿಂದ ಹೇಗೆ ಹೇಳಲಿ. “ನವಲರೀ. ಹೊಸಾ ನಮೂನಿ” ಎಂದೆ.

ಅವರು ಚಾಳೀಸು ಏರಿಸಿಕೊಂಡು ಬಗ್ಗಿ ನೋಡಿದರು. “ನವಲಿಗೆ ಕಿವಿ ಇರತಾವೇನ್ರೀ?”

“ಜುಟ್ಟರೀ ಅದು. ಎರಡ ಮಾಡೇನಿ.”

ಸಾವಕಾರರು ಬೈಯಲಿಲ್ಲ. ಅವರು ಬೈದಿದ್ದರೆ ಚಲೋ ಇತ್ತು. ನಮ್ಮಲ್ಲಿ ಹೊಸ ದಡಿಯ ಮೊದಲ ಸೀರೆಯನ್ನು ನಕ್ಷೆಯವನ ಹೆಂಡತಿ ಉಟ್ಟು ನಾಲ್ಕು ಮಂದಿಯ ನಡುವೆ ಹೋಗಿಬರುವ ರೂಢಿ. ಹೆಂಗಸರು ಸೆರಗು ಹಿಡಿದು ಕೇಳಿದರೆ ಮಗ್ಗ ಮುಂದೆ ಓಡುತ್ತದೆ, ಕೇಳದಿದ್ದರೆ ರಟ್ಟೆಲ್ಲ ರದ್ದಿಗೆ. ಸೀರೆ ಮಡಚಿ ನನ್ನ ಕೈಗಿಟ್ಟು, “ಮನಿಯವರಿಗೆ ಉಡಸ್ರಿ. ಹೆಣ್ಮಕ್ಕಳು ಏನಂತಾರ ನೋಡೂನು. ಅಲ್ಲೀತನಾ ಮಗ್ಗ ನಿಲ್ಲಸಾಕ ಹೇಳೇನಿ” ಎಂದರು.

ನಿಂತ ಮಗ್ಗದ ಸದ್ದು ಎಷ್ಟು ದೊಡ್ಡದು ಎಂದು ನಾನು ಅಂದು ಮನೆಯ ತನಕ ಕೇಳಿಸಿಕೊಂಡು ಬಂದೆ. ಹೆಂಡತಿ ಶಾಂತಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಬಂದು ಸೀರೆಯನ್ನು ಬೆಳಕಿಗೆ ಹಿಡಿದಳು. ನಾನು ಗೋಡೆ ನೋಡುತ್ತ ನಿಂತೆ.

“ಗೀರು ಎಡಗಣ್ಣಿನ ಮ್ಯಾಲ ಇರಬೇಕಲ್ರೀ” ಎಂದಳು. “ನೀವು ಬಲಗಣ್ಣಿಗೆ ಹಾಕೀರಿ.”

“ಯಾವ ಗೀರು” ಎಂದೆ.

“ಬಾವ್ಯಾಗ ಬಿದ್ದಾಗ ಆತಲ್ರೀ, ಅದು.”

ಅಟ್ಟದ ಸುರುಳಿಗಳ ಧೂಳು ತೆಗೆಯುವವರು ಯಾರು ಎಂಬ ಪ್ರಶ್ನೆ ನನಗೆ ಮದುವೆಯಾದಾಗಿನಿಂದ ಹೊಳೆದಿರಲಿಲ್ಲ. ಅವಳು ಎಲ್ಲ ಸಂಚಿಕೆ ಓದಿದ್ದಳು. ಕೆಲವನ್ನು ಎರಡು ಸಲ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಏನೋ ಹಗುರ, ಇಷ್ಟು ದಿನ ಒಬ್ಬನೇ ಹೊತ್ತ ಗಂಟನ್ನು ಯಾರೋ ಒಂದು ಕಡೆಯಿಂದ ಹಿಡಿದಂತೆ. ಸೋಮರಾಜ ಹೇಗೆ ಎಂದು ಕೇಳಿದೆ. “ಅಂವ ಊಟಾ ಮಾಡೂದು ಒಮ್ಮಿನೂ ನೋಡಿಲ್ಲ ನಾ. ಊಟಾ ಮಾಡದವರ ಕತಿ ಏನ ಓದೂದು” ಎಂದು ಒಂದೇ ಮಾತಿನಲ್ಲಿ ನನ್ನ ಮೂವತ್ತು ವರ್ಷದ ಭಕ್ತಿಯನ್ನು ಮುಗಿಸಿದಳು. ಸೀರೆಯ ಸಂಗತಿ ಹೇಳಿದೆ. ಮಗ್ಗ ನಿಂತಿದೆ ಎಂದಾಗ ಅವಳ ನಗು ನಿಂತಿತು. ಸೀರೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, “ನಾಳಿ ಹಿಂದಿನ ಓಣ್ಯಾಗ ಕುಬಸ ಐತಿ. ಉಟಗೊಂಡ ಹೋಗತೀನಿ” ಎಂದಳು.

ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಬೆಳಗುವ ಕಾರ್ಯಕ್ಕೆ ಗೂಬೆಯ ಸಾಲು ಸುತ್ತಿಕೊಂಡು ಹೋಗುವುದು ಬೇಡ ಎಂದು ಬೇಡಿಕೊಂಡೆ. ಅವಳು ಕೇಳಲಿಲ್ಲ. ಊಟದ ಕರೆ ನನಗೂ ಇತ್ತು. ಮರುದಿನ ಗಂಡಸರ ಜೊತೆ ಹೊರಗಿನ ಕಟ್ಟೆಯ ಮೇಲೆ ಊಟಕ್ಕೆ ಕೂತೆ. ಕಿವಿ ಮಾತ್ರ ಬಾಗಿಲೊಳಗಿತ್ತು. ಆರತಿಯ ಹಾಡು ಮುಗಿಯಿತು. ಯಾರೋ ಹಿರಿಯ ಹೆಂಗಸಿನ ದನಿ ಕೇಳಿತು: “ಇದೇನಬೇ ಶಾಂತಾ, ದಡ್ಯಾಗ ಗೂಗಿ ಕುಂತಂಗ ಕಾಣತಾವಲ್ಲ.”

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ.

“ಹೌದರೀ ಯಕ್ಕಾ, ಗೂಗೀನ” ಎಂದಳು ನನ್ನ ಹೆಂಡತಿ, ಸಾವಕಾಶವಾಗಿ. “ಲಕ್ಷ್ಮೀ ಏರಿ ಬರೂದು ಯಾವ ಹಕ್ಕಿ ಮ್ಯಾಲ ಹೇಳ್ರಿ ನೋಡೂನು? ಲಕ್ಷ್ಮೀ ಬೇಕು, ಆಕಿನ ಹೊತಗೊಂಡ ಬರೂ ಹಕ್ಕಿ ಬ್ಯಾಡ ಅಂದ್ರ ಆಕಿ ನಡಕೋತ ಬರಬೇಕೇನು?”

ಒಳಗೆ ಗುಸುಗುಸು ಶುರುವಾಯಿತು. ಹೌದಲ್ಲ ಎಂದರು ಒಬ್ಬರು. ನಾನೂ ಪುರಾಣದಾಗ ಕೇಳೇನಿ ಎಂದರು ಇನ್ನೊಬ್ಬರು, ಕೇಳಿದ್ದರೋ ಇಲ್ಲವೋ. ಆಮೇಲೆ ಸೆರಗು ಎಳೆಯುವ ಸದ್ದು. ಯಾರ ಮಗ್ಗದ್ದು, ಹಸರ ಒಡಲಿನ ಸೀರಿಗೆ ಈ ದಡಿ ಸಿಗತೈತೇನು, ಸಾವಳಗ್ಯಾಗ ನಮ್ಮ ತಂಗೀಗೂ ಒಂದು ಬೇಕಾಗಿತ್ತು. ನಾನು ಎಲೆಯಲ್ಲಿದ್ದ ಹೋಳಿಗೆ ತಿಂದು ಇನ್ನೆರಡು ಹಾಕಿಸಿಕೊಂಡೆ.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ, ಈ ಲಕ್ಷ್ಮಿಯ ವಿಷಯ ನಿನಗೆ ಯಾರು ಹೇಳಿದರು ಎಂದು.

“ಕತ್ತಲರಾಯನ ಅವ್ವ. ಮೂರನೇ ಸಂಚಿಕ್ಯಾಗ. ಈ ಗೂಗಿ ಮಾರಿ ಹಾಕ್ಕೊಳ್ಳಾಕ ನಾಚಿಕಿ ಬರತೈತಿ ಅಂತ ಅಂವ ಅಳತಾನ, ಆಕಿ ಹೇಳತಾಳ. ನೀವು ಓದಿಲ್ಲೇನು?”

ನಾನು ಓದಿರಲಿಲ್ಲ. ಹೊಡೆದಾಟವಿಲ್ಲದ ಪುಟ ಎಂದು ಅದನ್ನು ಹಾರಿಸಿದ್ದೆ. ಹೊಸ ಮಾಲಿಕೆ ಕೆಟ್ಟದ್ದು ಎಂಬುದಕ್ಕೆ ಸಾಕ್ಷಿಯಾಗಿ ಚಹಾದ ಅಂಗಡಿಯಲ್ಲಿ ನಾನು ಪ್ರತಿ ಸಲ ಎತ್ತಿ ಹೇಳುತ್ತಿದ್ದ ಎರಡು ಪುಟಗಳು ಅವೇ.

ಮಗ್ಗ ಓಡಿತು. ಒಂದಲ್ಲ, ಸಾವಕಾರರು ಇನ್ನೂ ಮೂರು ಮಗ್ಗಕ್ಕೆ ಅದೇ ರಟ್ಟು ಮಾಡಿಸಿದರು. ಲಕ್ಷ್ಮೀ ದಡಿ ಎಂದು ಹೆಸರಾಯಿತು. ನಾನು ಗೀರನ್ನು ಎಡಗಣ್ಣಿಗೆ ತಂದೆ. ಶಪಥದ ಸಮಸ್ಯೆ ಉಳಿಯಿತು. ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡೆ: ಮಧ್ಯಾಹ್ನ ನಾನು ಹಾಳೆಯ ಮೇಲೆ ಮನೆ ತುಂಬುತ್ತ ಕೂತಿರುವಾಗ ಶಾಂತಾ ಗಟ್ಟಿಯಾಗಿ ಓದುತ್ತಾಳೆ, ಚಿತ್ರಗಳನ್ನೂ ಬಾಯಿಂದಲೇ ಹೇಳುತ್ತಾಳೆ. ನಾನು ಕೇಳುತ್ತೇನೆ, ಅಷ್ಟೆ. ಓದುವುದಿಲ್ಲ ಎಂದು ಹೇಳಿದ್ದೆನೇ ಹೊರತು ಕೇಳುವುದಿಲ್ಲ ಎಂದು ಹೇಳಿರಲಿಲ್ಲ. ಯಾವ ಕೋರ್ಟಿನಲ್ಲಿಯೂ ನಿಲ್ಲುವ ಮಾತು ಇದು ಎಂದು ನನ್ನ ನಂಬಿಕೆ.

ಒಂದು ದಿನ ಕರೆಂಟು ಹೋಗಿತ್ತು, ಅಂಗಡಿ ತುಂಬಿತ್ತು. ಬಸಲಿಂಗ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ನನ್ನ ಎದುರಿಗೆ ಕೂತ. “ನನ್ನ ಬಸ್ಸಿನ್ಯಾಗ ಸಾವಳಗಿ ಹೆಣ್ಮಕ್ಕಳು ಏರಿದ್ರ ಸೀಟಿಗೊಬ್ಬ ಕತ್ತಲರಾಯ ಕಾಣಾಕತ್ತಾನ. ಯಾರ ನಕ್ಷೀಲೇ ಅದು” ಎಂದ.

“ಲಕ್ಷ್ಮೀ ದಡಿ ಅದು. ನಾ ಆ ಪುಸ್ತಕ ಓದಂಗಿಲ್ಲ, ನಿನಗೂ ಗೊತ್ತೈತಿ” ಎಂದೆ. ಒಂದಕ್ಷರವೂ ಸುಳ್ಳಲ್ಲ, ಎದೆಯುಬ್ಬಿಸಿಯೇ ಹೇಳಿದೆ.

“ಖರೆ ಓದಂಗಿಲ್ಲ?”

“ಖರೆ.”

“ಹಂಗಾದ್ರ ನಿನಗ ಹೇಳಿದ್ರ ತಪ್ಪೇನಿಲ್ಲ. ಈ ತಿಂಗಳ ಸಂಚಿಕ್ಯಾಗ ಕಡೀಕ ಮುಖವಾಡ ತಗದ್ರ ಒಳಗ ಇದ್ದಾಂವ ಯಾರಂದ್ರ—”

ನನ್ನ ಕೈ ತಾನಾಗಿಯೇ ಹೋಗಿ ಅವನ ಬಾಯಿ ಮುಚ್ಚಿತು. “ಹೇಳಬ್ಯಾಡೋ ಮಾರಾಯಾ, ಶಾಂತಾ ಇನ್ನ ಅರ್ಧಕ್ಕ ಬಂದಾಳ” ಎಂದೆ.

ನಾನೇನು ಹೇಳಿದೆ ಎಂಬುದು ನನಗೆ ತಿಳಿಯುವ ಹೊತ್ತಿಗೆ ಆಚೆ ಬೆಂಚಿನಲ್ಲಿ ಕತ್ತಲರಾಯನ ಕಡೆಯವರು ಒಬ್ಬರಿಗೊಬ್ಬರು ಒತ್ತಿ ಕೂತು ನನಗೆ ಜಾಗ ಮಾಡುತ್ತಿದ್ದರು.