ಆಲಿವ್ ಎಣ್ಣೆಗೆ ಒಲೆ ಪಕ್ಕ ಜಾಗ

ಹೊಸ ಪದಾರ್ಥ ಯಾವುದೇ ಬರಲಿ, ವಿಜಯನಗರದ ನಮ್ಮ ಮನೆಯಲ್ಲಿ ಏನಾದರೊಂದು ಪ್ರಸಂಗ ಆಗದೆ ಅದು ಡಬ್ಬಿ ಸೇರುವುದಿಲ್ಲ. ಅಡುಗೆಮನೆ ಅತ್ತೆಯದು. ಅವರು ಒಪ್ಪಿದರೆ ಒಲೆ ಪಕ್ಕದ ಶೆಲ್ಫಿನಲ್ಲಿ, ಕಡಲೆಕಾಯಿ ಎಣ್ಣೆಯ ಜೊತೆ ಜಾಗ. ಒಪ್ಪದಿದ್ದರೆ ಅಟ್ಟ. ನನ್ನ ಓಟ್ಸು, ಕಿನೋವಾ ಎರಡೂ ಪಾರಿವಾಳಗಳ ಪಾಲಾಗಿವೆ. ಈ ಸಲ ಸಾವಯವ ಆಲಿವ್ ಎಣ್ಣೆ ತಂದೆ. ಇದನ್ನಾದರೂ ಗೆಲ್ಲಿಸಬೇಕು ಅಂತ ಹಟ.

ಅಂಟಿನುಂಡೆ

ಗೇಟಿನಲ್ಲೇ ಎದುರುಮನೆ ಆಂಟಿ ಬಾಟಲಿ ನೋಡಿದರು. ಅವರ ಕಾಲದಲ್ಲಿ ಆಲಿವ್ ಎಣ್ಣೆ ಸಿಗುತ್ತಿದ್ದದ್ದು ಮೆಡಿಕಲ್ ಶಾಪಿನಲ್ಲಿ, ಎಳೆಮಗುವಿನ ಮೈಗೆ ಹಚ್ಚಲು.

"ಏನು, ವಿಶೇಷನಾ?" ಅಂದರು, ನನ್ನ ಹೊಟ್ಟೆ ನೋಡುತ್ತಾ.

"ಅಡುಗೆಗೆ ಆಂಟಿ. ನಂಗೆ ನಲವತ್ತಾರು."

"ಈಗೆಲ್ಲ ಏನು ಬೇಕಾದ್ರೂ ಆಗುತ್ತೆ ಬಿಡು."

ಸಂಜೆ ಒಂದು ಡಬ್ಬಿ ಅಂಟಿನುಂಡೆ ಬಂತು, ಬಾಣಂತಿಗೆ ಕೊಡುವಂಥದ್ದು. ವಾಪಸ್ ಕೊಡಲು ಹೊರಟರೆ ಅತ್ತೆ ಆಗಲೇ ಎರಡನೆಯದನ್ನು ಕಚ್ಚುತ್ತಿದ್ದರು. "ಇರು, ಖಾಲಿಯಾದ ಮೇಲೆ ಹೇಳೋಣ."

ತೋಟದ ಫೋಟೋ

ಲೇಬಲ್ಲು ಓದಿ ಹೇಳಿದೆ. ಒಂದೇ ಮನೆತನದ ತೋಟ, ಗೊಬ್ಬರಕ್ಕೆ ಕುರಿ, ಮಳೆನೀರಿನ ಕೊಳ, ಬಿಸಿ ಮಾಡದೆ ತೆಗೆದ ಎಣ್ಣೆ.

"ನಮ್ಮಪ್ಪನ ಮನೇಲೂ ಹಿಂಗೇ ಗಾಣದ ಎಣ್ಣೆ ತೆಗೀತಿದ್ರು," ಅಂದ ಅತ್ತೆಯ ದನಿ ಸ್ವಲ್ಪ ಮೆತ್ತಗಾಗಿತ್ತು. ಲೇಬಲ್ಲಿನಲ್ಲಿ ಅಜ್ಜ, ಮಗ, ಮೊಮ್ಮಗ ಮರದ ಕೆಳಗೆ ನಗುತ್ತಾ ನಿಂತಿದ್ದರು. "ಮೂರು ತಲೆಮಾರು, ಇನ್ನೂ ಪಾಲಾಗಿಲ್ಲ. ಭೇಷ್."

"ಸೊಸೆಯಂದಿರು ಕಾಣಲ್ವಲ್ಲ ಅತ್ತೆ?"

"ಕೆಲಸ ಮಾಡ್ತಿರ್ತಾರೆ."

ದೇವರ ಮನೆ

ಭಾನುವಾರ ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಕೆಮ್ಮಿದರು. ಕಣ್ಣಲ್ಲಿ ನೀರು. ಮುಗೀತು, ಅಟ್ಟವೇ ಗತಿ ಅಂದುಕೊಂಡೆ.

"ಗಂಟಲು ಹಿಡೀತು ನೋಡು. ಕಲಬೆರಕೆ ಇಲ್ಲ."

ತಟ್ಟೆಯಲ್ಲಿ ಚಟ್ನಿಪುಡಿ ಹಾಕಿ, ನಡುವೆ ಗುಳಿ ಮಾಡಿ, ಎಣ್ಣೆ ಬಿಟ್ಟು, ದೋಸೆ ಅದ್ದಿ ತಿಂದರು. ಮೂರನೇ ದೋಸೆಯ ಹೊತ್ತಿಗೆ, "ಪರವಾಗಿಲ್ಲ" ಅಂದರು. ನಮ್ಮತ್ತೆಯ ಬಾಯಲ್ಲಿ ಅದು ಚಿನ್ನದ ಪದಕ. ಸ್ವತಃ ಕಡಲೆಕಾಯಿ ಎಣ್ಣೆ ಪಕ್ಕಕ್ಕೆ ಸರಿಸಿ ಶೆಲ್ಫಿನಲ್ಲಿ ಜಾಗ ಮಾಡಿಕೊಟ್ಟರು. ನಾನು ಗೆದ್ದೆ.

ಆ ಗೆಲುವು ಇದ್ದದ್ದು ಒಂದೇ ಗಂಟೆ. ಅಷ್ಟರಲ್ಲಿ ನನ್ನ ಗಂಡ, ಭಾನುವಾರ ಮಧ್ಯಾಹ್ನದ ತನಕ ಸ್ನಾನ ಮಾಡದ ಮಹಾನುಭಾವ, ಮೆಣಸಿನಕಾಯಿ ಬಜ್ಜಿ ಕರಿಯಲು ಅದೇ ಬಾಟಲಿಯನ್ನು ಬಾಣಲೆಗೆ ಬಗ್ಗಿಸಿದ್ದರು. ಅತ್ತೆ ಕಿತ್ತುಕೊಳ್ಳುವ ಹೊತ್ತಿಗೆ ಕಾಲು ಭಾಗ ಹೋಗಿತ್ತು.

ಸೋಮವಾರ ಶೆಲ್ಫು ನೋಡಿದರೆ ಬಾಟಲಿ ಇಲ್ಲ. ಅಟ್ಟದಲ್ಲೂ ಇಲ್ಲ. ಕೊನೆಗೆ ಕಂಡದ್ದು ದೇವರ ಮನೆಯಲ್ಲಿ, ಅದೂ ಕುಂಕುಮ ಹಚ್ಚಿಸಿಕೊಂಡು.

"ಅತ್ತೆ, ಇದನ್ನ ದೀಪಕ್ಕೆ ಹಾಕ್ತೀರಾ?"

"ಹುಚ್ಚೇನೇ ನಿಂಗೆ? ದೀಪಕ್ಕೆ ಎಳ್ಳೆಣ್ಣೆ ಇದೆ. ಸ್ನಾನ ಮಾಡ್ದೆ ಇಲ್ಲಿಗೆ ಕಾಲಿಡೋ ಹಾಗಿಲ್ಲ ಅಲ್ವಾ, ನಿನ್ನ ಗಂಡ ಮುಟ್ಟಲ್ಲ ಅಂತ ಇಟ್ಟೆ."

"ಸರಿ, ಒಂದು ಚಮಚ ಕೊಡಿ. ಸೌತೆಕಾಯಿ ಕೋಸಂಬರಿಗೆ ಹಾಕ್ತೀನಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲು ತಲೆಗೆ ನೀರು ಹಾಕ್ಕೊಂಡು ಬಾ."